ಏರಿ ಮೇಲಿನ ಸದ್ದಿಲ್ಲದ ಬಸ್ಸು

ಒಂದು ಜಡೆ ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ಬಂದಿತ್ತು. ಶಿರೀಷಾ ಯಾಕೋ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದಳು. ನೀಲಿ ಬಸ್ಸು ಊರೊಳಗೆ ಬಂದು, ಅರಳಿಕಟ್ಟೆ ಸುತ್ತಿ, ಆಗಲೇ ಕೆರೆ ಏರಿ ಕಡೆ ವಾಪಸ್ ಹೋಗುತ್ತಿತ್ತು.

"ಅಜ್ಜಿ, ಬಸ್ಸು ಹೊರಟೇಹೋಯ್ತು."

"ಯಾವ ಬಸ್ಸೇ? ನಂಗೇನೂ ಕೇಳಿಸ್ಲಿಲ್ಲ" ಎಂದಳು ಓಬಳಮ್ಮಜ್ಜಿ, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡೇ.

ತೊಂದರೆ ಇದ್ದದ್ದೇ ಅಲ್ಲಿ. ಕರೆಂಟಿನ ಹೊಸ ಬಸ್ಸು ಯಾರಿಗೂ ಕೇಳಿಸುತ್ತಿರಲಿಲ್ಲ.

ಹಳೇ ಡೀಸೆಲ್ ಬಸ್ಸು ಹಾಗಿರಲಿಲ್ಲ. ಅದು ಏರಿ ಹತ್ತುವಾಗ ಗೊರಗೊರ ಅಂತ ಕೆಮ್ಮಿ, ಮನೆಮನೆಯ ಪಾತ್ರೆಗಳನ್ನೆಲ್ಲ ನಡುಗಿಸುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಅಜ್ಜಿ ಎರಡನೇ ಜಡೆಗೆ ಕೈ ಹಾಕುತ್ತಿದ್ದದ್ದು. ಊರಲ್ಲಿ ಎಲ್ಲರದ್ದೂ ಅದೇ ರೂಢಿ. ಬಸ್ಸು ಕೆಮ್ಮಿದ ಮೇಲೆ ಅರ್ಧ ಲೋಟ ಕಾಫಿ ಕುಡಿದು, ಚಪ್ಪಲಿ ಹುಡುಕಿ, ಬೈದಾಡಿಕೊಂಡು ಹೊರಟರೂ ಬಸ್ಸು ಸಿಗುತ್ತಿತ್ತು. ಹೊಸ ಬಸ್ಸು ಬಂದಾಗ ಇದೇ ಜನ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ಅದು ಬಾಯಿ ಬಿಡುವುದಿಲ್ಲ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಬೇಗ ಹೋಗಿ ಕಟ್ಟೆ ಮೇಲೆ ಕಾಯಬಹುದಿತ್ತಲ್ಲ ಅನ್ನುತ್ತೀರಿ. ಎಲ್ಲಿಂದ ಕಾಯುವುದು? ಮನೆಯಲ್ಲಿ ರೇಷ್ಮೆ ಹುಳು ದೊಡ್ಡವಾಗಿ ರಾತ್ರಿ ಹಗಲು ಮೇಯುತ್ತಿದ್ದವು. ಬೆಳಗಾಗುತ್ತಲೇ ಅಪ್ಪ ಅಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರೆ, ಹುಳುಗಳಿಗೆ ಸೊಪ್ಪು ಹಾಕುವುದು ಅಜ್ಜಿ ಮತ್ತು ಶಿರೀಷಾಳ ಕೆಲಸ. ಬಸ್ಸಿಗೂ ಸರಿಯಾದ ಹೊತ್ತು ಅಂತ ಇರಲಿಲ್ಲ. ಟೈಮ್‌ಟೇಬಲ್ ಬೋರ್ಡಿನ ಮೇಲಿತ್ತು, ಅಷ್ಟೆ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಒಯ್ಯುವವರು ದಾರಿಯಲ್ಲಿ ಕೈ ತೋರಿಸಿದರೆ ಬಸ್ಸು ನಿಂತುಬಿಡುತ್ತಿತ್ತು.

ಅವತ್ತೂ ಅಪ್ಪ ಸೊಪ್ಪು ಕೊಯ್ಯುವುದು ಬಿಟ್ಟು ಬಂದು ಬೈಕಿನಲ್ಲಿ ಶಾಲೆಗೆ ಬಿಟ್ಟರು. ಅಷ್ಟೊತ್ತಿಗೆ ಖೋಖೋ ಪ್ರ್ಯಾಕ್ಟೀಸ್ ಮುಗಿದಿತ್ತು.

"ಮತ್ತೆ ಲೇಟಾ?" ಎಂದರು ಪಿಟಿ ಸರ್. "ಶನಿವಾರ ಬೆಳಿಗ್ಗೆ ಟೀಮ್ ಸೆಲೆಕ್ಷನ್. ಲೇಟಾಗಿ ಬಂದೋರು ಚಪ್ಪಾಳೆ ಹೊಡಿಯೋಕೆ ಮಾತ್ರ, ಆಯ್ತಾ?"

ಶಿರೀಷಾಗೆ ಅಳುವೇ ಬಂತು. ಕ್ಲಾಸಿನಲ್ಲಿ ಅವಳಷ್ಟು ಚುರುಕಾಗಿ ಕಂಬ ತಿರುಗುವವರು ಇನ್ನೊಬ್ಬರಿರಲಿಲ್ಲ.

ಸಾಯಂಕಾಲ ಬಸ್ಸಿನಿಂದ ಇಳಿಯುವಾಗ ಡ್ರೈವರ್ ಚಲಪತಿಯನ್ನು ಕೇಳಿದಳು. "ಅಂಕಲ್, ಬೆಳಿಗ್ಗೆ ಏರಿ ಹತ್ತಿರ ಬಂದಾಗ ಒಂದು ಹಾರ್ನ್ ಹೊಡೀತೀರಾ? ಜೋರಾಗಿ?"

"ಅದಕ್ಕೇನಮ್ಮ, ಹೊಡೆದ್ರಾಯ್ತು."

ಗುರುವಾರ ಬೆಳಿಗ್ಗೆ ಹಾರ್ನ್ ಊರಿಗೆಲ್ಲ ಕೇಳಿಸಿತು. ಅಜ್ಜಿಯ ಕೈ ಸರಸರ ಓಡಿತು. ಶಿರೀಷಾ ಎರಡು ಜಡೆ ಹಾರಿಸಿಕೊಂಡು ಹೋಗಿ ಬಸ್ಸು ಹತ್ತಿದಳು. ಇಷ್ಟು ಸುಲಭ ಇತ್ತಲ್ಲ, ಮೊದಲೇ ಯಾಕೆ ಕೇಳಲಿಲ್ಲ ಅಂತ ದಿನವಿಡೀ ಬೀಗಿದಳು.

ಅವತ್ತು ಸಂಜೆ ಅಜ್ಜಿ ಅವಳನ್ನು ಪವಿತ್ರಕ್ಕನ ಮನೆಗೆ ಕಳಿಸಿದಳು. ಇನ್ನು ಕೆಲವು ದಿನಕ್ಕೆ ಹುಳು ಬಲಿತು ಹಣ್ಣಾಗಿ ಗೂಡು ಕಟ್ಟುತ್ತವೆ. ಆಗ ಅವನ್ನು ಬಿಡಲು ಚಂದ್ರಿಕೆ ಬೇಕು. ಚಂದ್ರಿಕೆಯೆಂದರೆ ಆಳೆತ್ತರದ ಬಿದಿರಿನ ತಟ್ಟಿ. ಒಬ್ಬರ ಮನೆಯಲ್ಲಿ ಸಾಲದಿದ್ದರೆ ಇನ್ನೊಬ್ಬರ ಮನೆಯಿಂದ ತರುವುದು ಊರಿನ ಪದ್ಧತಿ.

ಪವಿತ್ರಕ್ಕನ ಮನೆ ಏರಿ ಮುಗಿಯುವ ಕಡೆ, ರಸ್ತೆಗೆ ಅಂಟಿಕೊಂಡೇ ಇತ್ತು. ಪವಿತ್ರಕ್ಕ ಬಾಯಿ ಮೇಲೆ ಬೆರಳಿಟ್ಟು, "ಮೆತ್ತಗೆ ಬಾರೇ, ಈಗ ಮಲಗ್ತು" ಎಂದಳು. ತೊಟ್ಟಿಲಲ್ಲಿ ಪುಟ್ಟ ಮಗು ಕನಸಿನಲ್ಲೇ ತುಟಿ ಚೀಪುತ್ತಿತ್ತು. ಪವಿತ್ರಕ್ಕನ ಕಣ್ಣು ಕೆಂಪಾಗಿದ್ದವು.

"ರಾತ್ರಿಯೆಲ್ಲ ಅತ್ತು ಅತ್ತು ಬೆಳಗಿನ ಜಾವ ಮಲಗುತ್ತೆ ಕಣೇ. ಹಳೇ ಬಸ್ಸು ದಿನಾ ಎಬ್ಬಿಸಿಬಿಡ್ತಿತ್ತು. ಹೊಸ ಬಸ್ಸು ಬಂದ್ಮೇಲೆ ಇದೂ ನಿದ್ದೆ ಮಾಡ್ತು, ನಾನೂ ಮಾಡ್ದೆ. ಇವತ್ತು ಯಾವ ಪುಣ್ಯಾತ್ಮ ಹೇಳಿದ್ನೋ, ಡ್ರೈವರ್ರು ಕಿಟಕಿ ಹತ್ರಾನೇ ಹಾರ್ನ್ ಹೊಡ್ದ. ಬೆಚ್ಚಿಬಿದ್ದು ಎದ್ದಿದ್ದು, ಇಷ್ಟೊತ್ತು ಅತ್ತಿದ್ದೇ ಅತ್ತಿದ್ದು."

ಶಿರೀಷಾಳ ಮುಖ ಸಣ್ಣದಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಮ್ಮನಿರಲು ಆಗಲಿಲ್ಲ.

"ನಾನೇ ಅಕ್ಕ ಹೇಳಿದ್ದು. ಬಸ್ಸು ಬಂದಿದ್ದು ಗೊತ್ತಾಗ್ಲಿ ಅಂತ."

ಪವಿತ್ರಕ್ಕ ಅವಳನ್ನೇ ನೋಡಿದಳು. ಬೈಯಲಿಲ್ಲ. "ಇರ್ಲಿ ಬಿಡಮ್ಮ. ನೀನೂ ಸ್ಕೂಲಿಗೆ ಹೋಗ್ಬೇಕಲ್ಲ" ಎಂದಳು.

ಬೈದಿದ್ದರೇ ಚೆನ್ನಾಗಿತ್ತು. ಶಿರೀಷಾ ತಲೆ ತಗ್ಗಿಸಿ ಚಂದ್ರಿಕೆ ಹೊತ್ತು ಮನೆಗೆ ಬಂದಳು.

ಶುಕ್ರವಾರ ಬೆಳಿಗ್ಗೆ ಮತ್ತೆ ಹಾರ್ನ್. ಅವಳು ಬಸ್ಸು ಹತ್ತಿದವಳೇ ಡ್ರೈವರ್ ಹತ್ತಿರ ಹೋದಳು.

"ಅಂಕಲ್, ನಾಳೆಯಿಂದ ಹಾರ್ನ್ ಬೇಡ. ಏರಿ ಪಕ್ಕದ ಮನೇಲಿ ಸಣ್ಣ ಪಾಪು ಇದೆ."

"ಹೊಡೀರಿ ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇ. ನಾಳೆ ಬಸ್ಸು ಮಿಸ್ಸಾದ್ರೆ ಏನ್ ಮಾಡ್ತೀಯಮ್ಮ?"

"ಆದ್ರೆ ಆಗ್ಲಿ" ಎಂದಳು ಶಿರೀಷಾ. ಅವತ್ತು ಶಾಲೆಯಲ್ಲಿ ಖೋಖೋ ಕಂಬಗಳ ಕಡೆ ನೋಡುವುದಕ್ಕೇ ಅವಳಿಗೆ ಆಗಲಿಲ್ಲ.

ಸಂಜೆ ಇನ್ನೊಂದು ಚಂದ್ರಿಕೆಗೆ ಹೋದಾಗ ಪವಿತ್ರಕ್ಕನಿಗೆ ವಿಷಯ ಹೇಳಿದಳು.

"ಹಾಗಾದ್ರೆ ನಿಂಗೆ ಬಸ್ಸು ಬಂದಿದ್ದು ಹೆಂಗೆ ಗೊತ್ತಾಗುತ್ತೆ?"

ಶಿರೀಷಾ ಪವಿತ್ರಕ್ಕನ ಜೊತೆ, ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿದ್ದ ತಾರಸಿಗೆ ಹತ್ತಿದಳು. ಮನೆಯಿಂದ ಕಾಣದ ಏರಿ ಅಲ್ಲಿಂದ ಪೂರ್ತಿ ಕಾಣುತ್ತಿತ್ತು. ಈ ಕಡೆ ತಿರುಗಿದರೆ ಅವಳ ಮನೆ ಬಾಗಿಲು. ಬಾಗಿಲಲ್ಲಿ ಕೂತು ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದದ್ದೂ ಕಾಣಿಸಿತು.

ಅವಳು ಒಮ್ಮೆ ಏರಿ ಕಡೆ, ಒಮ್ಮೆ ಮನೆ ಕಡೆ ನೋಡಿದಳು.

"ಅಕ್ಕ" ಎಂದಳು ಮೆಲ್ಲಗೆ, "ಒಂದು ಚಂದ್ರಿಕೆ ಇಲ್ಲೇ ಇರ್ಲಿ. ನಾಳೆ ಬಸ್ಸು ಏರಿ ಮೇಲೆ ಬಂದಾಗ ಅದನ್ನ ಎತ್ತಿ ನಿಲ್ಲಿಸ್ತೀಯಾ?"

ಪವಿತ್ರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಶನಿವಾರ ಬೆಳಿಗ್ಗೆ ಶಿರೀಷಾ ಎಂದಿನಂತೆ ಒಳಮುಖವಾಗಿ ಕೂರಲಿಲ್ಲ, ಬೀದಿ ಕಡೆ ತಿರುಗಿ ಕೂತಳು. "ನೆಟ್ಟಗೆ ಕೂರೇ ತಲ್ಲೀ" ಅಂತ ಅಜ್ಜಿ ತಲೆ ಮೇಲೆ ಮೊಟಕಿದಳು. ಮೊದಲ ಜಡೆ ಮುಗಿಯಿತು. ದೂರದ ತಾರಸಿಯಲ್ಲಿ ಏನೂ ಇಲ್ಲ. ಪವಿತ್ರಕ್ಕನೂ ಮಲಗಿಬಿಟ್ಟಿದ್ದರೆ? ಶಿರೀಷಾ ಕಣ್ಣು ಮಿಟುಕಿಸದೆ ನೋಡಿದಳು.

ಮಲಗಿದ್ದ ಚಂದ್ರಿಕೆ ಎದ್ದು ನಿಂತಿತು.

"ಬಸ್ಸು ಬಂತಜ್ಜಿ."

"ಸುಮ್ನಿರೇ. ನಂಗೇನೂ ಕೇಳಿಸ್ಲಿಲ್ಲ."

"ನಂಗೂ ಕೇಳಿಸ್ಲಿಲ್ಲ. ಕಾಣಿಸ್ತು" ಎಂದವಳೇ ಇನ್ನೊಂದು ಜಡೆ ಹೆಣೆಸಿಕೊಳ್ಳದೆ, ರಿಬ್ಬನ್ ಕೈಯಲ್ಲೇ ಹಿಡಿದು ಓಡಿದಳು.

ಅರಳಿಕಟ್ಟೆ ಹತ್ತಿರ ಬಸ್ಸು ಇನ್ನೂ ಬಾಗಿಲು ತೆರೆದೇ ನಿಂತಿತ್ತು. ಶಿರೀಷಾ ಕಿಟಕಿ ಪಕ್ಕ ಕೂತು ಏದುಸಿರು ಬಿಟ್ಟಳು. ಏರಿ ಹತ್ತಿರ ಬರುತ್ತಿದ್ದಂತೆ ಡ್ರೈವರ್ ಕೈ ಹಾರ್ನ್ ಕಡೆ ಹೋಗಿ, ಹಾಗೇ ಹಿಂದೆ ಬಂತು.

ತಾರಸಿಯ ಮೇಲೆ ಚಂದ್ರಿಕೆ ಪಕ್ಕದಲ್ಲಿ ಪವಿತ್ರಕ್ಕ ನಿಂತಿದ್ದಳು. ಹೆಗಲ ಮೇಲೆ ಮಗು ಕುತ್ತಿಗೆ ವಾಲಿಸಿ ಮಲಗಿತ್ತು. ಥ್ಯಾಂಕ್ಸ್ ಅಕ್ಕ ಅಂತ ಕೂಗಲು ಶಿರೀಷಾ ಬಾಯಿ ತೆರೆದಳು. ತೆರೆದವಳು ಮುಚ್ಚಿಕೊಂಡಳು. ಕಿಟಕಿಯಿಂದ ಕೈ ಎತ್ತಿ ರಿಬ್ಬನ್ ಅಲ್ಲಾಡಿಸಿದಳು, ಅಷ್ಟೆ.

ಪವಿತ್ರಕ್ಕ ಚಂದ್ರಿಕೆಯನ್ನು ಮೆಲ್ಲಗೆ ಮಲಗಿಸಿದಳು.

ಬಸ್ಸು ಏರಿ ಹತ್ತಿತು. ಕೆರೆಯಂಚಿನ ಬೆಳ್ಳಕ್ಕಿಗಳು ಕೂಡ ತಲೆ ಎತ್ತಲಿಲ್ಲ. ಶಿರೀಷಾ ನಗುತ್ತಾ, ಉಳಿದ ಜಡೆಯನ್ನು ತಾನೇ ಹೆಣೆದುಕೊಳ್ಳತೊಡಗಿದಳು.