ಸಹಿಬಟ್ಟೆಯ ಕಳವು

ವಿಜಯನಗರದ ನಾಗರಿಕರ ಸಂಘದ ಬಾಗಿಲು ಹಾರುಹೊಡೆದಿತ್ತು. ಬೀಗ ಜಜ್ಜಿ ಬಿದ್ದಿತ್ತು. ಒಳಗಿದ್ದ ಸಹಿಬಟ್ಟೆ ರಾತ್ರೋರಾತ್ರಿ ಮಾಯ.

ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿ ಬಂದಾಗ ವತ್ಸಲಾ ಮೇಡಂ ಖಾಲಿ ಮೇಜಿನ ಮುಂದೆ ನಿಂತಿದ್ದರು. ನಿವೃತ್ತ ಟೀಚರ್. ಎರಡು ವರ್ಷ ಮನೆಮನೆ ಸುತ್ತಿ, ಉದ್ದನೆಯ ಬಿಳಿ ಬಟ್ಟೆಯ ಮೇಲೆ ಸಾವಿರಾರು ಜನರ ಸಹಿ ಹಾಕಿಸಿದ್ದರು. ಬೇಡಿಕೆ ಒಂದೇ. ಚುನಾವಣೆಗೆ ಸುರಿಯುವ ಹಣಕ್ಕೆ ಸಂವಿಧಾನದಲ್ಲೇ ಮಿತಿ ಬರೆಯಬೇಕು. ಬರೀ ಕಾನೂನಾದರೆ ಬಂದ ಸರ್ಕಾರ ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ ಎನ್ನುವುದು ಅವರ ವಾದ. ಅಂದೇ, ಭಾನುವಾರ ಸಂಜೆ, ಸಭೆ ಮಾಡಿ ಬಟ್ಟೆಯನ್ನು ಸಂಸದರಿಗೆ ಒಪ್ಪಿಸಬೇಕಿತ್ತು.

"ಯಾವ ಲೀಡರ್ ದುಡ್ಡೂ ಮುಟ್ಟಲ್ಲ ಅಂತ ಪ್ರತಿ ಮನೇಲೂ ಮಾತು ಕೊಟ್ಟಿದ್ದೀನಿ," ಎಂದರು ವತ್ಸಲಾ. "ಈಗ ಬಟ್ಟೆ ಇಲ್ಲ ಅಂದ್ರೆ, ನಾನೇ ಮಾರ್ಕೊಂಡೆ ಅಂತಾರೆ."

ಇಷ್ಟಾದರೂ ಧ್ವನಿ ನಡುಗಲಿಲ್ಲ. ಎಂಥ ಗಟ್ಟಿಗಿತ್ತಿ ಎನ್ನಿಸಿತು ಶೋಭಾರಾಣಿಗೆ.

* * *

ಎಲ್ಲರ ಬೆರಳೂ ಮಾರೇನಹಳ್ಳಿಯ ಮಹದೇವ್ ಕಡೆಗೆ. ಪಾಲಿಕೆ ಟಿಕೆಟ್ಟಿಗಾಗಿ ಚಪ್ಪಲಿ ಸವೆಸುತ್ತಿದ್ದ ಆಸಾಮಿ. ಆ ಬಟ್ಟೆ ನೆಲ ಒರೆಸೋಕೂ ಬಾರದು ಎಂದು ಹಿಂದಿನ ವಾರ ಹೋಟೆಲಿನಲ್ಲಿ ಎಲ್ಲರೆದುರು ನಕ್ಕಿದ್ದ. ಶೋಭಾರಾಣಿ ಜೀಪು ಹತ್ತಿದರು. ಆದರೆ ಮಹದೇವ್ ಹಿಂದಿನ ಸಂಜೆಯಿಂದಲೂ ಕೆಂಗೇರಿಯಲ್ಲಿ, ತಂಗಿಯ ಮನೆ ಗೃಹಪ್ರವೇಶದಲ್ಲಿದ್ದ. ಪುರೋಹಿತರಿಂದ ಹಿಡಿದು ಅಡುಗೆಯವರ ತನಕ ಎಲ್ಲರೂ ಸಾಕ್ಷಿ.

ವಾಪಸ್ ಬಂದರೆ, ಸಂಘದ ಮುಂದಿನ ವೇದಿಕೆಯಲ್ಲಿ ದೊಡ್ಡ ಫ್ಲೆಕ್ಸ್. ಮೇಲೆ ಸಂವಿಧಾನ ತಿದ್ದುಪಡಿಯ ಬೇಡಿಕೆ, ಕೆಳಗೆ ಕೈಮುಗಿದು ನಗುವ ಮಹದೇವ್. ವತ್ಸಲಾ ಅದನ್ನು ಇಳಿಸಲು ಹೇಳುತ್ತಿದ್ದರು. ಸಂಘದ ಕಾರ್ಯದರ್ಶಿ ಪುರುಷೋತ್ತಮ ಒಪ್ಪುತ್ತಿರಲಿಲ್ಲ. ಬಟ್ಟೆ ಹೋದದ್ದು ತಿಳಿದ ಮೇಲೆಯೇ ತಾವು ಮಹದೇವ್‌ಗೆ ಫೋನ್ ಮಾಡಿದ್ದು, ಪಾಪ, ಅವರು ತಕ್ಷಣ ಖರ್ಚು ಕೊಟ್ಟು ಮಾಡಿಸಿದರು ಎಂದು ಹೊಗಳುತ್ತಿದ್ದರು.

ಶೋಭಾರಾಣಿ ಫ್ಲೆಕ್ಸಿನ ಮೇಲೆ ಕೈಯಾಡಿಸಿದರು. ಉದ್ದಕ್ಕೂ ಮಡಿಕೆಯ ಗೆರೆಗಳು.

"ಪುರುಷೋತ್ತಮ ಸಾರ್, ಸ್ವಲ್ಪ ನಿಮ್ ಕಾರಿನ ಡಿಕ್ಕಿ ತೆಗೀರಿ."

ಸಹಿಬಟ್ಟೆ ಅಲ್ಲೇ ಇತ್ತು.

* * *

"ಈಗ ಪ್ರಿಂಟ್ ಆದ ಫ್ಲೆಕ್ಸ್ ಸುರುಳಿ ಸುತ್ಕೊಂಡು ಬರುತ್ತೆ, ಸಾರ್. ಇದು ದಿನಗಟ್ಟಲೆ ಮಡಚಿಟ್ಟಿದ್ದು," ಎಂದರು ಶೋಭಾರಾಣಿ. "ಭಾನುವಾರ ಬೆಳಗ್ಗೆ ಯಾವ ಪ್ರಿಂಟಿಂಗ್ ಅಂಗಡಿ ತೆಗೆದಿರುತ್ತೆ? ಕಳವಾಗೋಕ್ ಮುಂಚೇನೇ ಪರಿಹಾರ ರೆಡಿ ಇತ್ತು."

ಬೀಗದ ಕಥೆಯನ್ನೂ ಬಿಡಿಸಿಟ್ಟರು. ಒಡೆದು ತೆಗೆದಿದ್ದರೆ ಅದರ ಕೊಂಡಿ ಬಾಗಬೇಕಿತ್ತು. ಬಾಗಿರಲಿಲ್ಲ. ಕೀಲಿಯಿಂದ ತೆಗೆದು, ಆಮೇಲೆ ಕಲ್ಲಿನಿಂದ ಜಜ್ಜಿದ್ದು. ಕೀಲಿ ಇದ್ದದ್ದು ವತ್ಸಲಾ ಮತ್ತು ಪುರುಷೋತ್ತಮರ ಬಳಿ ಮಾತ್ರ.

ಪುರುಷೋತ್ತಮ ಒಪ್ಪಿಕೊಂಡರು. ಬಟ್ಟೆ ಇರುವವರೆಗೂ ಮೇಡಂ ದೊಡ್ಡವರ ನೆರವು ಮುಟ್ಟುವುದಿಲ್ಲ, ಕೈ ಖಾಲಿಯಾದರೆ ಒಪ್ಪಿಯಾರು ಎಂದು ಲೆಕ್ಕ ಹಾಕಿದ್ದರಂತೆ. ಮಹದೇವ್‌ಗೆ ಕಳವಿನ ಸುಳಿವೂ ಇರಲಿಲ್ಲ. ಅಗ್ಗದ ಪ್ರಚಾರವೆಂದು ಕೆಲವು ದಿನ ಮೊದಲೇ ಫ್ಲೆಕ್ಸಿಗೆ ದುಡ್ಡು ಕೊಟ್ಟಿದ್ದನಷ್ಟೆ.

"ದುಡ್ಡಿಲ್ದೆ ನಮ್ ಮಾತು ದೆಹಲಿ ಮುಟ್ಟಲ್ಲ, ಮೇಡಂ. ಒಳ್ಳೇ ಕೆಲ್ಸಕ್ಕೇ ಮಾಡ್ದೆ."

"ತಗೊಳ್ಳೋರೆಲ್ಲ ಹಾಗೇ ಹೇಳೋದು," ಎಂದರು ವತ್ಸಲಾ.

ಬಟ್ಟೆ ಸಿಕ್ಕಿತಲ್ಲ, ಕೇಸು ಬೇಡವೆಂದರೆ ಇಲ್ಲಿಗೇ ಬಿಡಬಹುದು ಎಂದು ಶೋಭಾರಾಣಿ ಮೆಲ್ಲಗೆ ಸೂಚಿಸಿದರು. ವತ್ಸಲಾ ಪುರುಷೋತ್ತಮರನ್ನು ನೋಡಿದರು. ತಮ್ಮ ಒದ್ದೆ ಕಣ್ಣು ಒರೆಸಿಕೊಂಡರು.

"ಬರ್ಕೊಳ್ಳಿ. ದೇಶಕ್ಕೆಲ್ಲ ನಿಯಮ ಬೇಕು ಅಂತ ಬೀದಿಗಿಳಿದೋರು ನಾವು. ಮೊದಲು ನಮ್ಮೋರಿಗೆ ಬೇಡ್ವಾ?"

ಮಂತ್ರಿಗಳಿಗೆ ದಿನಬೆಳಗಾದರೆ ಸೆಲ್ಯೂಟ್ ಹೊಡೆಯುತ್ತಿದ್ದ ಶೋಭಾರಾಣಿ, ಅವತ್ತು ಯಾರೂ ಹೇಳದೆ ಒಬ್ಬ ಟೀಚರಿಗೆ ಸೆಲ್ಯೂಟ್ ಹೊಡೆದು, ದೂರು ಬರೆದುಕೊಳ್ಳಲು ಕೂತರು.