ಕೆಲಸ ಬಿಟ್ಟ ಗಂಡ

ಸಂಜೆ ನಾಲ್ಕೂವರೆಗೆ ಮೂರನೇ ಮಹಡಿಯ ಮನೆಯ ಮುಂದೆ ನಿಂತು ಅವಳು ಚೀಲದಲ್ಲಿ ಬೀಗದ ಕೈ ಹುಡುಕುತ್ತಿದ್ದಾಗ ಒಳಗಿನಿಂದ ನಗು ಕೇಳಿಸಿತು. ಗಂಡನ ನಗು ಗುರುತು ಸಿಕ್ಕಿತು. ಇನ್ನೊಂದು ಯಾರದೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಅತ್ತೆ ಹಾಗೆ ಬಿದ್ದು ಬಿದ್ದು ನಗುವುದನ್ನು ಅವಳು ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ಗಂಡ ಅರ್ಧ ಚಡ್ಡಿ ತೊಟ್ಟು, ನೆಲದ ಮೇಲೆ ಪೇಪರ್ ಹರಡಿಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅತ್ತೆ ಕುರ್ಚಿಯಲ್ಲಿ ಕೂತು ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳನ್ನು ಕಂಡದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ ನಗು ನಿಂತುಹೋಯಿತು.

"ಏನಾಯ್ತು? ನಾನೂ ನಗಬಹುದಲ್ಲ," ಎಂದಳು.

"ಅದು ನಮ್ಮಿಬ್ಬರ ಹಳೇ ಕಥೆ ಕಣಮ್ಮ. ನಿನಗೆ ಅರ್ಥ ಆಗಲ್ಲ," ಎಂದರು ಅತ್ತೆ.

ನಮ್ಮಿಬ್ಬರ... ಆ ಒಂದು ಮಾತು ಮುಳ್ಳಿನಂತೆ ಒಳಗೆ ಸಿಕ್ಕಿಕೊಂಡಿತು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಗ್ಗೆ ಏಳರಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಎಕ್ಸ್‌ರೇ ಕೋಣೆಯಲ್ಲಿ ನಿಂತು ನಿಂತು ಕಾಲು ಊದಿತ್ತು. ಚಪ್ಪಲಿ ಕಳಚಿ ಮಂಚದ ತುದಿಯಲ್ಲಿ ಕುಳಿತಳು. 'ನಾನು ದುಡಿಯೋದು, ಅವರು ನಗೋದು' ಎಂಬ ಮಾತು ಮನಸ್ಸಿಗೆ ಬಂತು. ಬಂದ ಕೂಡಲೇ ನಾಚಿಕೆಯೂ ಆಯಿತು. ಏಕೆಂದರೆ ಆ ನಗುವನ್ನು ಗಂಡನಿಗೆ ಕೈಯಾರೆ ಕೊಟ್ಟವಳು ಅವಳೇ.

ಮದುವೆಯಾದ ಹೊಸತರಲ್ಲೇ ಗಂಡಹೆಂಡಿರು ಒಂದು ಮಾತು ಮಾಡಿಕೊಂಡಿದ್ದರು. ಐವತ್ತು ತುಂಬಿದ ಮೇಲೆ ಇಬ್ಬರೂ ಒಂದು ದಿನವೂ ದುಡಿಯಬಾರದು. ಅವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್, ಹಗಲೆಲ್ಲ ಕಟ್ಟಡಗಳ ಕತ್ತಲ ಬಾವಿಯಲ್ಲಿ ತಂತಿ ಹಿಡಿದು ನೇತಾಡುವವನು. ಅವಳದು ನೆಲದಡಿಯ ಕೋಣೆ. "ಇಬ್ಬರಿಗೂ ಆಕಾಶ ಬಾಕಿ ಬರಬೇಕು, ಐವತ್ತಕ್ಕೆ ವಸೂಲಿ ಮಾಡೋಣ," ಎಂದು ಅವನು ತಮಾಷೆ ಮಾಡುತ್ತಿದ್ದ. ಅದಕ್ಕಾಗಿ ಅವರು ಕಾರು ಕೊಳ್ಳಲಿಲ್ಲ, ದೊಡ್ಡ ಮನೆಗೆ ಹೋಗಲಿಲ್ಲ, ಸೋಫಾದ ಸ್ಪ್ರಿಂಗ್ ಹೊರಗೆ ಬಂದರೆ ಅವನೇ ಒಳಗೆ ತಳ್ಳಿ ಹೊಲಿದ. ಬಿಡುವಾದ ಮೊದಲ ವಾರವೇ ಇಬ್ಬರೂ ಸಮುದ್ರ ನೋಡಲು ಹೋಗುವುದೆಂದೂ ನಿಶ್ಚಯವಾಗಿತ್ತು.

ಆದರೆ ಒಂದು ವರ್ಷದ ಹಿಂದೆ ಅವನ ಜೊತೆಗಾರನೊಬ್ಬ ಒಂಬತ್ತನೇ ಮಹಡಿಯಿಂದ ಲಿಫ್ಟಿನ ಬಾವಿಗೆ ಬಿದ್ದ. ಎರಡು ಮೊಳ ದೂರದಲ್ಲಿದ್ದ ಇವನ ಕೈಗೆ ಸಿಕ್ಕಿದ್ದು ಅವನ ಟೋಪಿ ಮಾತ್ರ. ಅಂದಿನಿಂದ ಸ್ಪ್ಯಾನರ್ ಹಿಡಿದರೆ ಇವನ ಬಲಗೈ ನಡುಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳುವ ಅಗತ್ಯವಿರಲಿಲ್ಲ, ಅವಳೇ ನೋಡಿದಳು. ಇಬ್ಬರೂ ಒಟ್ಟಿಗೆ ಬಿಡುವಷ್ಟು ಗಂಟು ಇನ್ನೂ ಆಗಿರಲಿಲ್ಲ. "ಮೊದಲು ನೀವು ಬಿಡಿ. ಎರಡು ವರ್ಷದಲ್ಲಿ ನಾನೂ ಬರ್ತೀನಿ," ಎಂದಳು. ಅವನು ಮರುಮಾತಾಡದೆ ಒಪ್ಪಿಕೊಂಡ. ನಲವತ್ತೊಂಬತ್ತಕ್ಕೇ ಕೆಲಸ ಬಿಟ್ಟು ಮನೆಗೆ ಬಂದ.

ಮೊದಲ ತಿಂಗಳು ಅವಳಿಗೆ ಸಂತೋಷವೇ ಆಗಿತ್ತು. ಗಂಡ ಚೆನ್ನಾಗಿ ನಿದ್ದೆ ಮಾಡಿದ, ಮುಖದಲ್ಲಿ ಕಳೆ ಬಂತು. ಆಮೇಲೆ ಆ ಕಳೆ ಅವಳ ಕಣ್ಣಿಗೆ ಚುಚ್ಚತೊಡಗಿತು. ಅವನು ಈಜು ಕಲಿತ. ಹಳೆಯ ಕುರ್ಚಿಗಳಿಗೆ ಹಸಿರು ಬಣ್ಣ ಹೊಡೆದ. ಕೆಳಗಿನ ಅಂಗಡಿಯವನಿಂದ ಹಿಡಿದು ಎದುರುಮನೆಯ ಟೀಚರಮ್ಮನವರೆಗೆ ಎಲ್ಲರಿಗೂ ಬೇಕಾದವನಾದ. ಎಲ್ಲರೂ ಅವನನ್ನು ಬಾಯಿ ತುಂಬ 'ರಾಜ' ಎಂದು ಕರೆಯತೊಡಗಿದರು. ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಹಿಂದೆಲ್ಲ ಅವಳಿಗೇ ಫೋನ್ ಮಾಡುತ್ತಿದ್ದಳು. ಈಗ ಅಪ್ಪನಿಗೆ ಮಾಡಿ, "ಅಮ್ಮನಿಗೂ ಹೇಳಿಬಿಡು" ಎನ್ನುತ್ತಿದ್ದಳು. ತನ್ನ ಮನೆಯ ಸುದ್ದಿ ತನಗೇ ಹಳಸಿ ತಲುಪುತ್ತಿದೆ ಎಂದು ಅವಳಿಗೆ ಅನ್ನಿಸಿತು.

ಅದೆಲ್ಲಕ್ಕಿಂತ ಮೈಯುರಿದದ್ದು ಅತ್ತೆಯನ್ನು ನೋಡಿ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುವಂತೆ, ಇಪ್ಪತ್ತೆರಡು ವರ್ಷ ಆ ಮುದುಕಿಗೆ ಸೊಸೆ ಮಾಡಿದ್ದೆಲ್ಲದರಲ್ಲೂ ಕೊರತೆ ಕಂಡಿತ್ತು. ಚಹಾ ಒಂದು ದಿನ ನೀರು, ಇನ್ನೊಂದು ದಿನ ಕಷಾಯ. ಈಗ ಮಗ ಮಾಡಿದ ಚಹಾವನ್ನು ಹೀರಿ ಹೀರಿ ಕುಡಿದು, "ಇದು ಚಹಾ," ಎನ್ನುತ್ತಿದ್ದರು. ಅವಳ ಎದುರಿಗೇ.

ಅವಳು ಅಡುಗೆಮನೆಯ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸತೊಡಗಿದಳು. ಕಿಟಕಿ ಒರೆಸುವುದು, ನೀರಿನ ಬಿಲ್ಲು, ಹಾಸಿಗೆಯ ಹೊದಿಕೆ ಒಗೆಯುವುದು. ದಿನ ಕಳೆದಂತೆ ಚೀಟಿ ಉದ್ದವಾಯಿತು. ಅವನು ಹನ್ನೊಂದು ಗಂಟೆಯೊಳಗೆ ಎಲ್ಲವನ್ನೂ ಸಿಳ್ಳೆ ಹಾಕುತ್ತ ಮುಗಿಸಿ, ಚೀಟಿಯ ಕೆಳಗೆ 'ಇನ್ನೇನಾದರೂ?' ಎಂದು ಬರೆದಿಡುತ್ತಿದ್ದ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ ಮೇಜಿನ ಮೇಲೆ ಎರಡು ರೈಲ್ವೆ ಟಿಕೆಟ್ ಕಂಡವು. ಸಮುದ್ರದೂರಿಗೆ. ಒಂದು ಅವನ ಹೆಸರಿನಲ್ಲಿ, ಇನ್ನೊಂದು ಅತ್ತೆಯ ಹೆಸರಿನಲ್ಲಿ.

"ಅಮ್ಮ ಸಮುದ್ರ ನೋಡೇ ಇಲ್ಲವಂತೆ ಕಣೇ," ಎಂದ ಅವನು, ಹಲ್ಲುಜ್ಜುತ್ತ. "ಎಪ್ಪತ್ತನಾಲ್ಕಾಯ್ತು. ಮಂಡಿ ಇನ್ನೊಂದು ವರ್ಷ ಕೇಳುತ್ತೋ ಇಲ್ಲವೋ. ನಿನಗೆ ಹೇಗೂ ರಜ ಸಿಗಲ್ಲ. ನಾವಿಬ್ಬರು ಆಮೇಲೆ ಹೋಗೇ ಹೋಗ್ತೀವಲ್ಲ."

"ಹೋಗಿ ಬನ್ನಿ," ಎಂದಳು. ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿ ಕಂಬಿ ಹಿಡಿದುಕೊಳ್ಳಬೇಕಾಯಿತು. ಆಮೇಲೆ... ತನ್ನ ಪಾಲಿಗೆ ಯಾವಾಗಲೂ ಆಮೇಲೆ!

ಆ ದಿನವೇ ಹಾಗಾಗಬೇಕಿತ್ತೋ ಏನೋ. ಮಧ್ಯಾಹ್ನ ಭುಜದ ನೋವೆಂದು ಎಕ್ಸ್‌ರೇಗೆ ಬಂದವರು ಗಂಡನ ಹಳೆಯ ಸೂಪರ್‌ವೈಸರ್. ಶರ್ಟು ಹಾಕಿಕೊಳ್ಳುತ್ತ ಅವರು ಪೇಚಾಡಿಕೊಂಡರು. ಹೊಸಬರಿಗೆ ಕೆಲಸ ಹೇಳಿಕೊಡುವವರಿಲ್ಲ, ಒಂದು ವರ್ಷದ ಮಟ್ಟಿಗೆ ಅನುಭವಸ್ಥರೊಬ್ಬರು ಬೇಕು. "ನಿಮ್ಮ ಯಜಮಾನರು ಬರ್ತಾರಾ ಮೇಡಮ್? ಕೇಳೋಕೆ ಬಾಯಿ ಬರಲ್ಲ. ಪಾಪ, ಅಷ್ಟು ಕಂಡು ಬಿಟ್ಟುಹೋದವರು."

ಅವಳು ಅವರ ಎಕ್ಸ್‌ರೇ ಹಾಳೆಯನ್ನು ಲಕೋಟೆಗೆ ಹಾಕಿದಳು. ಆ ಗಳಿಗೆಯಲ್ಲಿ ಗಂಡನ ನಡುಗುವ ಕೈ ನೆನಪಾಗಲಿಲ್ಲವೇ ಎಂದರೆ, ಆಯಿತು. ಅದರ ಹಿಂದೆಯೇ ಆ ಎರಡು ಟಿಕೆಟ್ ನೆನಪಾದವು.

"ಬರ್ತಾರೆ," ಎಂದಳು. "ಮನೇಲಿ ಕೂತು ಬೇಜಾರಾಗಿದೆ ಅವರಿಗೆ. ಬಾಯಿಬಿಟ್ಟು ಹೇಳಲ್ಲ ಅಷ್ಟೇ. ನೀವೇ ಒತ್ತಾಯ ಮಾಡಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ."

ಮೂರನೆಯ ದಿನ ಫೋನ್ ಬಂತು. ಗಂಡ ಬಹಳ ಹೊತ್ತು ಬಾಲ್ಕನಿಯಲ್ಲಿ ಮಾತಾಡಿ ಒಳಗೆ ಬಂದು, "ಒಂದು ವರ್ಷ ಬಾ ಅಂತಿದಾರೆ," ಎಂದ. ಅವಳು ತಲೆಯೆತ್ತದೆ ಬಟ್ಟೆ ಮಡಚುತ್ತ, "ನಿಮ್ಮಿಷ್ಟ. ಇಬ್ಬರು ದುಡಿದ್ರೆ ನಾನು ಬೇಗ ಬಿಡಬಹುದು," ಎಂದಳು. ಅವನು ಅವಳನ್ನೇ ನೋಡುತ್ತ ನಿಂತ. ಸೋಮವಾರ ಬೀರುವಿನ ತಳದಿಂದ ನೀಲಿ ಯೂನಿಫಾರ್ಮ್ ತೆಗೆದು ಹಾಕಿಕೊಂಡು ಹೊರಟ. ಟಿಕೆಟ್ ಹಿಂದಿರುಗಿಸಿದ್ದನ್ನು ತಾಯಿಗೆ ಹೇಗೆ ಹೇಳಿದನೋ, ಅವಳಿಗೆ ಗೊತ್ತಾಗಲಿಲ್ಲ.

ಈಗ ಸಂಜೆ ಮನೆಗೆ ಬಂದರೆ ಯಾರೂ ನಗುತ್ತಿರಲಿಲ್ಲ. ಅವಳು ಬಯಸಿದ್ದೂ ಅದೇ ಅಲ್ಲವೇ? ಆದರೂ ಆ ಮೌನದಲ್ಲಿ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಗಂಡ ಬಂದವನೇ ಊಟ ಮಾಡಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅತ್ತೆ ಊಟಕ್ಕೆ ಕೂತರೆ ಎರಡು ತುತ್ತು, ಅಷ್ಟೇ. ಒಂದು ಮಾತು ಬೈಯಲಿಲ್ಲ. ಉಪ್ಪು ಕಡಿಮೆಯಾದರೂ ಬೈಯಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು.

ಮೂರನೆಯ ಭಾನುವಾರ ಗಂಡ ತುರ್ತು ಕೆಲಸವೆಂದು ಹೋಗಿದ್ದ. ಮಧ್ಯಾಹ್ನ ಅತ್ತೆ ಬಂದು ಅವಳೆದುರು ಕುಳಿತರು.

"ಅವನನ್ನು ಕೆಲಸಕ್ಕೆ ಕಳಿಸಿದ್ದು ನೀನೇ ಅಲ್ವೇನಮ್ಮ?"

ಅವಳು ಥಟ್ಟನೆ ತಲೆಯೆತ್ತಿದಳು. "ಯಾರು ಹೇಳಿದ್ರು?"

"ಯಾರು ಹೇಳಬೇಕು? ಅವನು ಹೊರಟ ದಿನ ನಿನ್ನ ಮುಖ ನೋಡಿದೆ. ಆ ಮುಖ ನನಗೆ ಗೊತ್ತು. ಕನ್ನಡೀಲಿ ಎಷ್ಟು ವರ್ಷ ನೋಡಿದೀನಿ." ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಅವರಪ್ಪ ಹೋದಾಗ ಇವನಿಗೆ ಹದಿನಾರು. ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸಿದವಳು ನಾನೇ. ಬೆಳಗಾಗೋ ಮುಂಚೆ ಹೋಗೋನು, ಬಂದು ಊಟದ ತಟ್ಟೆ ಮುಂದೇನೇ ತೂಕಡಿಸೋನು. ಮಗನ ಕೈಲಿ ದುಡಿಸಿಕೊಂಡೆನೇ ಹೊರತು ಅವನ ಜೊತೆ ಕೂತು ನಾಲ್ಕು ಮಾತಾಡ್ಲಿಲ್ಲ. ಇನ್ನೇನು ಸ್ವಲ್ಪ ಉಸಿರು ಬಂತು ಅನ್ನೋವಾಗ ನೀನು ಬಂದೆ. ಅವನ ಮಾತೆಲ್ಲ ನಿನ್ನ ಪಾಲಾಯ್ತು... ನಿನ್ನ ಚಹಾದಲ್ಲಿ ಯಾವತ್ತೂ ತಪ್ಪಿರಲಿಲ್ಲ ಕಣಮ್ಮ."

ಅವಳು ತಲೆ ತಗ್ಗಿಸಿದಳು.

"ಈ ಎಂಟು ತಿಂಗಳು ನನಗೆ ಮಗ ಸಿಕ್ಕಿದ್ದ," ಎಂದರು ಅತ್ತೆ. "ನಿನ್ನ ಗಂಡನನ್ನು ಕಿತ್ಕೊಂಡೆ ಅಂತ ಅಲ್ಲ. ನನ್ನ ಹದಿನಾರು ವರ್ಷದ ಹುಡುಗ ಸಿಕ್ಕಿದ್ದ. ಹೊಟ್ಟೆಕಿಚ್ಚಲ್ಲಿ ನಾನು ನಿನ್ನ ಇಪ್ಪತ್ತೆರಡು ವರ್ಷ ಹಾಳು ಮಾಡಿದೆ. ನೀನು ನನ್ನ ಸುಖ ಎಂಟು ತಿಂಗಳಿಗೆ ನಿಲ್ಲಿಸಿದೆ. ಲೆಕ್ಕ ಹಾಕಿದ್ರೆ ನಾನೇ ಗೆದ್ದೆ. ಆದ್ರೆ ಅವನ ಕೈ ನೋಡ್ದ್ಯಾ? ನಿನ್ನೆ ನೀರಿನ ಲೋಟ ಎರಡೂ ಕೈಲಿ ಹಿಡ್ಕೊಂಡು ಕುಡಿದ."

ಅವಳು ನೋಡಿರಲಿಲ್ಲ. ಮೂರು ವಾರದಿಂದ ಅವಳು ಗಂಡನ ಕೈಯ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಒಡೆದು, ಆ ಮುದುಕಿಯ ಮಡಿಲ ಮೇಲೆ ತಲೆಯಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಗೆ ಹೇಗೆ ಸಮಾಧಾನ ಮಾಡಬೇಕೋ ಗೊತ್ತಾಗಲಿಲ್ಲ. ಅಭ್ಯಾಸವಿರಲಿಲ್ಲ. ಸೊಸೆಯ ಬೆನ್ನನ್ನು ಒರಟಾಗಿ ಎರಡು ಸಲ ತಟ್ಟಿ, "ಎದ್ದು ಮುಖ ತೊಳ್ಕೋ, ಹೋಗು," ಎಂದರು.

ಅಲ್ಲಿಂದ ನೇರ ಗಂಡ ಕೆಲಸಕ್ಕೆ ಹೋಗಿದ್ದ ಕಟ್ಟಡಕ್ಕೆ ಹೋದಳು. ಹನ್ನೊಂದು ಅಂತಸ್ತಿನ ಆ ಕಟ್ಟಡದ ಲಿಫ್ಟೇ ಕೆಟ್ಟಿತ್ತು. ಅವಳು ಹತ್ತಿಯೇ ಹೋದಳು. ತಾರಸಿಯ ಮೇಲಿನ ಮೋಟಾರ್ ಕೋಣೆಯಲ್ಲಿ ಗಂಡ ಒಬ್ಬನೇ ಮರದ ಪೆಟ್ಟಿಗೆಯ ಮೇಲೆ ಕುಳಿತಿದ್ದ. ಗ್ರೀಸ್ ಮೆತ್ತಿದ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಿದ್ದ. ಅವಳನ್ನು ಕಂಡು ಬಿಟ್ಟುಬಿಟ್ಟ.

"ಅಮ್ಮನಿಗೇನಾದ್ರೂ..."

"ಅವರಿಗೇನೂ ಆಗಿಲ್ಲ," ಎಂದಳು ಏದುಸಿರು ಬಿಡುತ್ತ. "ರೀ, ನಿಮ್ಮ ಸೂಪರ್‌ವೈಸರಿಗೆ ನೀವು ಬರ್ತೀರಿ ಅಂತ ಹೇಳಿದ್ದು ನಾನು. ನಿಮಗೆ ಬೇಜಾರಾಗಿದೆ ಅಂತ ಸುಳ್ಳು ಹೇಳಿದೆ."

ಅವನು ನೆಲ ನೋಡಿದ. "ಗೊತ್ತು. ಮೊದಲ ದಿನಾನೇ ಹೇಳಿಬಿಟ್ರು ಅವರು. ಬಾಯಲ್ಲಿ ಮಾತು ನಿಲ್ಲೋ ಮನುಷ್ಯ ಅಲ್ಲ."

"ಗೊತ್ತಿದ್ದೂ ಬಂದ್ರಾ?"

"ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ಸಿಟ್ಟೂ ಬಂದಿತ್ತು. ಬಾಯಿಬಿಟ್ಟು ಕೇಳಿದ್ದಿದ್ರೆ ಬರ್ತಿದ್ದೆ ಕಣೇ. ಸುಳ್ಳು ಹೇಳಿ ಕಳಿಸಬೇಕಿತ್ತಾ?" ಆಮೇಲೆ ಕೇಳಿದ, "ಅಷ್ಟೊಂದು ಉರೀತಿತ್ತಾ?"

"ಹೂಂ."

"ಒಂದು ಮಾತು ಹೇಳಿದ್ರೆ ಈಜೋದು ಬಿಡ್ತಿದ್ದೆ."

"ಬಿಟ್ಟುಬಿಡ್ತೀರಿ ಅಂತಾನೇ ಹೇಳ್ಲಿಲ್ಲ." ಅವಳು ಅಳುತ್ತಿದ್ದಳು. "ನೀವು ಸುಖವಾಗಿರೋದು ನನಗೆ ಬೇಕು. ನೋಡೋಕೆ ಮಾತ್ರ ಆಗ್ತಿರ್ಲಿಲ್ಲ."

ಅವನು ಪೆಟ್ಟಿಗೆಯಲ್ಲಿ ಜಾಗ ಬಿಟ್ಟ. ಅವಳು ಕುಳಿತಳು. "ನಂದೂ ತಪ್ಪಿದೆ," ಎಂದ. "ಮೊದಲು ನೀವು ಬಿಡಿ ಅಂದಾಗ, ಬೇಡ ಅಂತ ಒಂದು ಸಲ ಬಾಯ್ಮಾತಿಗೂ ಅನ್ಲಿಲ್ಲ. ಹೆದರಿಕೆ. ನೀನೆಲ್ಲಿ ಮಾತು ಬದಲಾಯಿಸ್ತೀಯೋ ಅಂತ. ಆ ನಾಚಿಕೆಗೇ ಮನೇಲಿ ಅಷ್ಟು ಸಿಳ್ಳೆ ಹಾಕ್ತಿದ್ದೆ." ಅವಳು ಆ ನಡುಗುವ ಕೈಯನ್ನು ತೆಗೆದು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡಳು. ಗ್ರೀಸ್ ಅವಳ ಅಂಗೈಗೂ ಮೆತ್ತಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

ತಿಂಗಳ ಕೊನೆಗೆ ಅವನು ಕೆಲಸ ಬಿಟ್ಟ, ಈ ಸಲ ಪೂರ್ತಿಯಾಗಿ. ಅವಳ ದುಡಿಮೆ ಇನ್ನೂ ಹದಿನಾಲ್ಕು ತಿಂಗಳು ಉಳಿದಿತ್ತು. ಸಮುದ್ರದೂರಿಗೆ ಗಂಡನಿಗೂ ಅತ್ತೆಗೂ ಎರಡು ಟಿಕೆಟ್ ಅವಳೇ ತಂದಳು. ಅತ್ತೆ ಹಠ ಹಿಡಿದರು. "ನನಗೆ ಬೇಡ, ನೀವಿಬ್ಬರು ಹೋಗಿ. ಈ ಮಂಡಿ ಇಟ್ಕೊಂಡು ನಾನೆಲ್ಲಿ ಹೋಗ್ಲಿ?" ಅವಳು ಬಿಡಲಿಲ್ಲ. ಮುದುಕಿಯ ಪೆಟ್ಟಿಗೆಯನ್ನು ತಾನೇ ಕಟ್ಟಿ, ಮಂಡಿಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ರೈಲು ಹೊರಟಾಗ ಕಿಟಕಿಯಲ್ಲಿ ತಾಯಿಮಗ ಒತ್ತಿಕೊಂಡು ಕುಳಿತದ್ದನ್ನು ನೋಡಿ ಹೊಟ್ಟೆಯಲ್ಲಿ ಚುರುಕ್ ಎಂದಿತು. ಎನ್ನಲಿ ಎಂದು ಕೈ ಬೀಸಿದಳು.

ಎರಡನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತಿದ್ದಾಗ ಫೋನ್ ಬಂತು. ಗಂಡನ ನಂಬರು, ದನಿ ಅತ್ತೆಯದು.

"ಏನಿದೆಯಮ್ಮ ಇಲ್ಲಿ ನೋಡೋಕೆ? ಬರೀ ನೀರು," ಎಂದರು ಅತ್ತೆ. "ಬಿಸಿಲು ಬೇರೆ. ನೀನಿಲ್ಲದೆ ಇವನಿಗೂ ಮಾತಿಲ್ಲ, ಕಥೆಯಿಲ್ಲ, ಸಪ್ಪಗೆ ಕೂತಿದಾನೆ. ಏನೂ ಚೆನ್ನಾಗಿಲ್ಲ. ನಿನಗೇನೂ ತಪ್ಪಿಹೋಗಿಲ್ಲ, ತಿಳ್ಕೋ."

ಅವರ ಹಿಂದೆ ಎಲ್ಲೋ ಗಂಡ ಕೂಗುತ್ತಿದ್ದದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತು. "ಅಮ್ಮಾ, ದೊಡ್ಡ ಅಲೆ ಬರ್ತಿದೆ, ಬೇಗ ಬಾ!"

ತನಗಾಗಿ ಅತ್ತೆ ಹೇಳಿದ ಮೊದಲ ಸುಳ್ಳು ಅದು. ಅವಳು ಕಣ್ಣೊರೆಸಿಕೊಂಡು, "ಹೌದಾ ಅತ್ತೆ? ಅಯ್ಯೋ ಪಾಪ," ಎಂದಳು.