ಫಟಫಟಿ ಕೆಮ್ಮಿದ್ದು ಯಾಕೆ?

"ಫಟ್... ಫಟ್... ಫುಸ್ಸ್!"

ಅಂಗಳದಲ್ಲಿ ಮತ್ತೆ ಸದ್ದು ನಿಂತಿತು. ದೇವಿದಾಸ ಡಾಕ್ಟರು ಬೆವರು ಒರೆಸಿಕೊಂಡು ತಮ್ಮ ಫಟಫಟಿ ಮೋಟಾರ್‌ಸೈಕಲ್ಲನ್ನು ದುರುಗುಟ್ಟಿ ನೋಡಿದರು.

"ಬರುವಾಗ ಕುದುರೆ ಹಾಂಗೆ ಓಡ್ತಿತ್ತು ಮಾರಾಯ! ಈಗ ಎಂತಾ ಆಯ್ತು ಇದ್ಕೆ?"

ಬಾಗಿಲಲ್ಲಿ ನಿಂತಿದ್ದ ನಾಗಿ ಅಂಗಳಕ್ಕೊಮ್ಮೆ, ಮನೆಯೊಳಗೊಮ್ಮೆ ಇಣುಕಿದಳು. ಒಳಗೆ ತಮ್ಮ ಪುಟ್ಟು ಜ್ವರದಿಂದ ಮಲಗಿದ್ದ. ಅಂಕೋಲೆಗೆ ಬಂದಿದ್ದ ಕಾರವಾರದ ಈ ಡಾಕ್ಟರನ್ನು ಅಪ್ಪ ತಮ್ಮೂರು ಕೇಣಿಗೆ ಕರೆತಂದಿದ್ದ. ಪುಟ್ಟುವಿನ ಮದ್ದು ಇರುವುದು ಕಾರವಾರದಲ್ಲಿ. ಅಪ್ಪ ಫಟಫಟಿಯ ಹಿಂದೆ ಕೂತು ಹೋಗಿ, ಇವತ್ತೇ ತರಬೇಕು. ಫಟಫಟಿಯೇ ಹೊರಡದಿದ್ದರೆ?

ಡಾಕ್ಟರು ಜೊತೆಗೆ ತಂದಿದ್ದ ಪೆಟ್ರೋಲ್ ಡಬ್ಬಿ ದಾರಿಯ ಕುಲುಕಾಟಕ್ಕೆ ಸೋರತೊಡಗಿತ್ತು. "ಬೇರೆ ಡಬ್ಬಿ ಅದ್ಯಾ?" ಎಂದು ಅವರು ಕೇಳಿದ್ದೇ ತಡ, ನಾಗಿ ತಾರ್ಲೆ ಮೀನಿನ ಎಣ್ಣೆಯ ಖಾಲಿ ಡಬ್ಬಿ ತಂದಿದ್ದಳು. ಅಪ್ಪ ದೋಣಿಗೆ ಬಳಿಯುವ ಎಣ್ಣೆ ಅದು. ನಾತವೆಂದರೆ ನಾತ! ಅಂಥದ್ದನ್ನು ಡಾಕ್ಟರಿಗೆ ಕೊಡುವುದುಂಟೇ? ಬಾವಿಕಟ್ಟೆಯಲ್ಲಿ ಬೂದಿ ಹಾಕಿ ತಿಕ್ಕಿ, ಫಳಫಳ ತೊಳೆದೇ ಕೊಟ್ಟಿದ್ದಳು. ಅಪ್ಪ ಪೆಟ್ರೋಲನ್ನು ಅದಕ್ಕೆ ಸುರಿದ. ಈಗ ಡಾಕ್ಟರು ಅದನ್ನೇ ಟಾಂಕಿಗೆ ಹೊಯ್ದಿದ್ದರು.

"ಅಪ್ಪಾ, ಫಟಫಟಿಗೆ ಮೀನಿನ ವಾಸ್ನೆ ಹಿಡಿಸ್ಲಿಲ್ವಾ?"

"ಸುಮ್ನಿರೇ ಮಾರಾಯ್ತಿ!" ಎಂದು ಅಪ್ಪ ಬೀಡಿ ತೆಗೆದ.

"ಏ ಜಟ್ಟಾ, ಬೆಂಕಿ ದೂರ ಇಡೋ!" ಡಾಕ್ಟರು ಅಪ್ಪನತ್ತ ಕೂಗಿದರು. "ಅವ್ಳು ಕೇಳಿದ್ದು ಸಮಾ ಅದೆ. ಪೆಟ್ರೋಲಿಗೇ ಎಂತೋ ಸೇರ್ಕಂಡದೆ. ತಂಗಿ, ಒಂದು ಕರಟ ತಾ ನೋಡ್ವ."

ಟಾಂಕಿಯ ಕೆಳಗಿನ ನಳಿ ಬಿಚ್ಚಿ ಕರಟ ಹಿಡಿದರು. ನಾಗಿ ಬಗ್ಗಿ ನೋಡಿದಳು. ಮೇಲೆ ಪೆಟ್ರೋಲ್. ತಳದಲ್ಲಿ ಮಣಿಗಳ ಹಾಗೆ ಏನೋ ಉರುಳಾಡುತ್ತಿತ್ತು.

ಅರೆ, ಇದನ್ನು ಎಲ್ಲೋ ನೋಡಿದ್ದೇನಲ್ಲ! ಅವ್ವಿ ತಾರ್ಲೆ ಕುದಿಸುವಾಗ ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗೇ ಉಳಿಯುತ್ತದೆ. ಅವ್ವಿ ಎಣ್ಣೆಯನ್ನಷ್ಟೇ ಸೌಟಿನಿಂದ ತೆಗೆಯುತ್ತಾಳೆ.

ನಾಗಿಯ ಕಿವಿ ಬಿಸಿಯಾಯಿತು. ಹೇಳಿದರೆ ಅಪ್ಪ ಬೈಯುತ್ತಾನೆ. ಒಳಗೆ ಪುಟ್ಟು ನರಳಿದ.

"ಡಾಕ್ಟ್ರೇ, ಅದು ನೀರು. ನಾನು ಡಬ್ಬಿ ತೊಳ್ದೆ... ಒಣಗಿಸ್ಲಿಲ್ಲ."

ಅಪ್ಪ ಕಣ್ಣು ಕೆಕ್ಕರಿಸಿದ. ಡಾಕ್ಟರು ಮಾತ್ರ ನಕ್ಕುಬಿಟ್ಟರು. "ಒಲೆಗೆ ಹಸಿ ಕಟ್ಗಿ ಹಾಕ್ದ ಹಾಂಗಾಯ್ತು! ಟಾಂಕಿ ತಳದ ನೀರೇ ಮೊದ್ಲು ಎಂಜಿನಿಗೆ ಹೋಗ್ತದೆ. ಉರಿಯೂದು ಹ್ಯಾಂಗೆ?"

ಕರಟದಲ್ಲಿ ಮಣಿಗಳು ಕಾಣದಾಗುವವರೆಗೂ ಹರಿಸಿದರು. ನಾಗಿಯೇ ಕಣ್ಣಿಟ್ಟು ನೋಡಿ, "ಈಗಿಲ್ಲ" ಎಂದಳು. ಡಾಕ್ಟರು ನಳಿ ಸಿಕ್ಕಿಸಿ ಕಿಕ್ ಒದ್ದರು. ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು. ಆಮೇಲೆ "ಫಟಫಟಫಟಫಟ!" ಕೋಳಿಗಳೆಲ್ಲ ಬೇಲಿ ಹಾರಿದವು.

"ಮದ್ದಿಗೆ ಒಂದು ಬಾಟ್ಲಿ ಕೊಡಿ," ಎಂದರು ಡಾಕ್ಟರು.

ಅವ್ವಿ ಬಾಟ್ಲಿಯನ್ನು ಗಡಿಬಿಡಿಯಲ್ಲಿ ತೊಳೆದು ನಾಗಿಯ ಕೈಗಿತ್ತಳು. ಅಪ್ಪ ಆಗಲೇ ಹಿಂದೆ ಹತ್ತಿ ಕೂತಿದ್ದ.

"ಬೇಗ ಕೊಡೇ!"

"ತಡಿ ಅಪ್ಪಾ."

ನಾಗಿ ಬಾಟ್ಲಿಯನ್ನು ಬೋರಲು ಹಿಡಿದಳು. ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಜೋರಾಗಿ ಕೊಡವಿ ಬಿಸಿಲಿಗೆ ಹಿಡಿದು ನೋಡಿದಳು, ಮತ್ತೆ ಬೋರಲು ಹಾಕಿದಳು. ಅಪ್ಪ ಬಾಯಿ ತೆರೆದ. ಡಾಕ್ಟರು ಅವನ ಮೊಣಕಾಲು ತಟ್ಟಿ ಸುಮ್ಮನಿರಿಸಿದರು.

ಫಟಫಟಿ ಹೊರಟಿತು. ತೆಂಗಿನ ಮರಗಳಾಚೆ ಸದ್ದು ಸಣ್ಣದಾಗುವವರೆಗೂ ನಾಗಿ ಕಿವಿಗೊಟ್ಟು ನಿಂತಳು.

"ಅಕ್ಕಾ, ಹೋಯ್ತಾ?" ಒಳಗಿಂದ ಪುಟ್ಟುವಿನ ದನಿ.

"ಹೋಯ್ತೋ. ಒಂದ್ಸಲವೂ ಕೆಮ್ಲಿಲ್ಲ."